ಅಕ್ಟೋಬರ್ ಚಾಟ್ನಿಗೆ ಬರುವ ಹಕ್ಕಿ

ವಿಜಯಪುರ ಜಿಲ್ಲೆಯ ಕಾಖಂಡಕಿ ಎಂದರೆ ಬಲ್ಲವರಿಗೆ ಮೊದಲು ನೆನಪಾಗುವುದು ಮಹಿಪತಿದಾಸರು, ಆಮೇಲೆ ಕಾರ ಹುಣ್ಣಿಮೆಯ ಹೋರಿಗಳು. ಹಕ್ಕಿ ನೋಡುವವರು ಈ ಊರನ್ನು ಹುಡುಕಿಕೊಂಡು ಬರುವುದು ಕಡಿಮೆ. ಕಾಡೇ ಇಲ್ಲದ ಕಡೆ ಏನು ನೋಡುವುದು ಎಂಬುದು ಅವರ ಪ್ರಶ್ನೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಕಣ್ಣು ಹಾಯುವಷ್ಟು ದೂರ ಎರೆಹೊಲ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಗಿಡಗಳೇನಿದ್ದರೂ ಬದುವಿನ ಮೇಲೆ, ಹಳ್ಳದ ದಂಡೆಗೆ, ಬಾವಿಯ ಪಕ್ಕಕ್ಕೆ, ಗುಡಿಯ ಹಿಂದೆ. ಬೇವು, ಜಾಲಿ, ಹುಣಸೆ, ಅಲ್ಲೊಂದು ಇಲ್ಲೊಂದು ಮಾವು. ಆದರೆ ಏಳೆಂಟು ಗ್ರಾಂ ತೂಗುವ ಹಕ್ಕಿಗೆ ಸೊಂಪಾಗಿ ಬೆಳೆದ ಒಂದು ಬೇವಿನ ಗಿಡವೇ ಸಾಕಷ್ಟು ದೊಡ್ಡ ಕಾಡು.

ಅಂಥ ಗಿಡಗಳಲ್ಲಿ ಚಳಿಗಾಲವಿಡೀ ಒಂದು ಪುಟ್ಟ ಹಕ್ಕಿ ಇರುತ್ತದೆ. ಆ ಗಿಡಗಳ ನೆರಳಲ್ಲೇ ಎತ್ತು ಕಟ್ಟುವವರು ಆ ಹಕ್ಕಿಯನ್ನು ದಿನವೂ ಕೇಳಿರುತ್ತಾರೆ, ನೋಡಿರುವುದಿಲ್ಲ. ಇಂಗ್ಲಿಷಿನಲ್ಲಿ ಗ್ರೀನಿಶ್ ವಾರ್ಬ್ಲರ್. ವಾರ್ಬ್ಲರ್‌ಗಳನ್ನು ಕನ್ನಡದ ಪಕ್ಷಿಪಟ್ಟಿಗಳಲ್ಲಿ ಉಲಿಯಕ್ಕಿ ಎನ್ನುವುದರಿಂದ ಇಲ್ಲಿ ಇದನ್ನು ಹಸಿರು ಉಲಿಯಕ್ಕಿ ಎನ್ನೋಣ. ಸೆಪ್ಟೆಂಬರಿನಲ್ಲಿ ಒಂದೊಂದಾಗಿ ಬರತೊಡಗಿ ಅಕ್ಟೋಬರಿಗೆ ಎಲ್ಲೆಡೆ ಹರಡಿಕೊಳ್ಳುತ್ತದೆ, ಏಪ್ರಿಲ್ ಮುಗಿಯುವುದರೊಳಗೆ ಹೊರಟುಹೋಗುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಇನ್ನೂ ಸುಲಭ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಹೊತ್ತಿಗೆ, ಬಂದು ಏಪ್ರಿಲ್ ಚಾಟ್ನಿಗೆ ಹೋಗುವ ಹಕ್ಕಿ ಇದು. ಕಾರ ಹುಣ್ಣಿಮೆಯ ಹೊತ್ತಿಗೆ ಬೇವಿನಲ್ಲಿ ಹಸಿರು ಹಕ್ಕಿಯೊಂದು ಕಂಡರೆ ಅದು ಇದಲ್ಲ, ಬೇರೆ ಯಾವುದೋ ಸ್ಥಳೀಯ ಹಕ್ಕಿ. ಗುರುತಿನ ಅರ್ಧ ಕೆಲಸವನ್ನು ಹೀಗೆ ತಿಂಗಳೇ ಮಾಡಿಕೊಡುತ್ತದೆ.

ಪುಸ್ತಕದ ಚಿತ್ರದಲ್ಲಿ ಈ ಹಕ್ಕಿ ಬಹಳ ಸರಳ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಹತ್ತು ಹನ್ನೊಂದು ಸೆಂಟಿಮೀಟರ್, ಅಂದರೆ ಗುಬ್ಬಿಗಿಂತ ಸ್ಪಷ್ಟವಾಗಿ ಸಣ್ಣದು. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡರೆ ಎಷ್ಟೋ ಅಷ್ಟು ತೂಕ. ಬೆನ್ನು ಬೂದು ಬೆರೆತ ಹಸಿರು, ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮೇಲೆ ಉದ್ದಕ್ಕೆ ಎಳೆದ ತೆಳುಬಣ್ಣದ ಹುಬ್ಬು, ಕಣ್ಣಿನ ನಡುವೆ ಹಾದುಹೋಗುವ ಕಪ್ಪು ಗೆರೆ. ರೆಕ್ಕೆಯ ಮೇಲೆ ಅಡ್ಡಕ್ಕೆ ಒಂದೇ ಒಂದು ಸಣ್ಣ ಬಿಳಿಪಟ್ಟಿ. ಕೊಕ್ಕಿನ ಮೇಲರ್ಧ ಕಪ್ಪಗೆ, ಕೆಳಗರ್ಧ ತೆಳುಹಳದಿ. ಇಷ್ಟೇ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬೇವಿನ ಕೆಳಗೆ ನಿಂತವರಿಗೆ ಮೊದಲ ದಿನವೇ ನಿರಾಸೆ. ಎಲೆಗಳ ಮೂಲಕ ಸೋಸಿ ಬರುವ ಬೆಳಕು ಬಿಳಿ ಹೊಟ್ಟೆಗೂ ಹಸಿರು ಬಳಿಯುತ್ತದೆ. ಹಕ್ಕಿ ಮೇಲಿರುತ್ತದೆ, ನಾವು ಕೆಳಗಿರುತ್ತೇವೆ, ಆಕಾಶದ ಎದುರಿಗೆ ಅದು ಬರೀ ಕಪ್ಪು ಆಕೃತಿ. ಬೆನ್ನಿನ ಬಣ್ಣ ಕಾಣುವುದೇ ಇಲ್ಲ. ರೆಕ್ಕೆಯ ಆ ಒಂದು ಪಟ್ಟಿಯಂತೂ ಗರಿ ಸವೆದಂತೆಲ್ಲ ಮಾಸಿ, ಮಾರ್ಚ್ ಹೊತ್ತಿಗೆ ಕೆಲವು ಹಕ್ಕಿಗಳಲ್ಲಿ ಪೂರ್ತಿ ಅಳಿಸಿಹೋಗಿರುತ್ತದೆ. ಹಾಗಾಗಿ ಬಣ್ಣದಿಂದ ಶುರುಮಾಡಬೇಡಿ ಎಂಬುದು ನನ್ನ ಮೊದಲ ಸಲಹೆ. ಮೊದಲು ಕಿವಿ, ಆಮೇಲೆ ನಡತೆ, ಆಮೇಲೆ ಆಕಾರ. ಬಣ್ಣಕ್ಕೆ ಕೊನೆಯ ಸರದಿ.

ಹಸಿರು ಉಲಿಯಕ್ಕಿಯ ಕರೆ ಎರಡು ಉಸಿರಿನದು. ಚಿಸ್-ವೀ ಎಂದೋ ಚಿಲಿ-ವೀ ಎಂದೋ ಬರೆಯಬಹುದು. ಚುರುಕಾದ, ಸ್ವಲ್ಪ ಜೋರೆನ್ನಿಸುವ ದನಿ. ಇಷ್ಟು ಸಣ್ಣ ದೇಹದಿಂದ ಇದು ಬಂತೇ ಅನ್ನಿಸುವಷ್ಟು ಜೋರು. ಒಂದು ಸಲ ಕೂಗಿ, ಕೆಲವು ಕ್ಷಣ ಬಿಟ್ಟು, ಇನ್ನೊಂದು ಟೊಂಗೆಯಿಂದ ಮತ್ತೊಮ್ಮೆ. ಬೆಳಿಗ್ಗೆಯಷ್ಟೇ ಅಲ್ಲ, ಮಿಕ್ಕ ಹಕ್ಕಿಗಳು ಸುಮ್ಮನಾದ ಮಧ್ಯಾಹ್ನವೂ ಕೇಳಿಸುತ್ತದೆ. ಅದಕ್ಕೊಂದು ಕಾರಣವಿದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಜಾಗಕ್ಕಾಗಿ ಜಗಳವಾಡುವುದು ಎಲ್ಲರಿಗೂ ಗೊತ್ತು. ಇದು ಚಳಿಗಾಲದಲ್ಲೂ ಆಡುತ್ತದೆ. ಒಂದೊಂದು ಹಕ್ಕಿ ಕೆಲವೇ ಗಿಡಗಳನ್ನು ತನ್ನದೆಂದು ಹಿಡಿದುಕೊಂಡು, ಇನ್ನೊಂದು ಹಸಿರು ಉಲಿಯಕ್ಕಿ ಅತ್ತ ಸುಳಿಯದಂತೆ ಕೂಗಿ ಕಾಯುತ್ತದೆ. ಟ್ರೆವರ್ ಪ್ರೈಸ್ ಎಂಬ ಜೀವವಿಜ್ಞಾನಿ ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ಚಳಿಗಾಲದ ಬದುಕನ್ನೇ ಬೆನ್ನುಹತ್ತಿ ನೋಡಿ 1981ರಲ್ಲಿ ಪ್ರಕಟಿಸಿದ್ದರು. ನಮ್ಮಂಥ ನೋಡುಗರಿಗೆ ಇದರಿಂದ ಒಂದು ದೊಡ್ಡ ಅನುಕೂಲ. ಇವತ್ತು ಒಂದು ಗಿಡದಲ್ಲಿ ಅದರ ಕರೆ ಕೇಳಿದರೆ ನಾಳೆಯೂ ಅದೇ ಗಿಡಕ್ಕೆ ಹೋಗಬಹುದು. ತಪ್ಪಿಸಿಕೊಂಡಿತೆಂದು ಊರೆಲ್ಲ ಅಲೆಯಬೇಕಿಲ್ಲ.

ಕಿವಿಯನ್ನು ನಂಬುವುದು ಹೊಸ ಉಪಾಯವೇನಲ್ಲ. 1789ರಲ್ಲಿ ಪ್ರಕಟವಾದ ಸೆಲ್ಬೋರ್ನ್ ಹಳ್ಳಿಯ ನಿಸರ್ಗ ಚರಿತ್ರೆಯನ್ನು ಬರೆದ ಗಿಲ್ಬರ್ಟ್ ವೈಟ್ ಒಬ್ಬ ಪಾದ್ರಿ. ಇಂಗ್ಲೆಂಡಿನಲ್ಲಿ ಒಂದೇ ಬಗೆಯದೆಂದು ಜನ ತಿಳಿದಿದ್ದ ಎಲೆಹಸಿರು ಹಕ್ಕಿ ನಿಜಕ್ಕೂ ಮೂರು ಬೇರೆ ಬೇರೆ ಜಾತಿ ಎಂದು ಅವರು ಕಂಡುಹಿಡಿದದ್ದು ಹಾಡು ಕೇಳಿ. ಅವರ ಬಳಿ ದುರ್ಬೀನು ಇರಲಿಲ್ಲ. ಆ ಮೂರೂ ಜಾತಿಗಳು ಚಳಿಗೆ ನಮ್ಮಲ್ಲಿಗೆ ಬರುವ ಈ ಉಲಿಯಕ್ಕಿಯ ಹತ್ತಿರದ ಸಂಬಂಧಿಗಳು.

ಕರೆ ಬಂದ ಕಡೆ ಕಣ್ಣು ನೆಟ್ಟರೆ ನಡತೆ ಕಾಣತೊಡಗುತ್ತದೆ. ಹಸಿರು ಉಲಿಯಕ್ಕಿ ಗಿಡದ ನಡುವಿಂದ ಮೇಲಕ್ಕೆ, ಎಲೆ ದಟ್ಟವಾಗಿರುವಲ್ಲಿ ಇರುತ್ತದೆ. ಒಂದು ಕಡೆ ಕೂರುವುದೆಂಬುದು ಅದಕ್ಕೆ ಗೊತ್ತಿಲ್ಲ. ಟೊಂಗೆಯಿಂದ ಟೊಂಗೆಗೆ ಜಿಗಿಯುತ್ತ, ಎಲೆಯ ಅಡಿಭಾಗವನ್ನು ತಲೆಯೆತ್ತಿ ನೋಡುತ್ತ, ರೆಕ್ಕೆಗಳನ್ನು ಪಟ್ಟನೆ ಅರೆಬಿಚ್ಚಿ ಮುಚ್ಚುತ್ತ ಸಾಗುತ್ತದೆ. ಆ ರೆಕ್ಕೆಯ ಪಟಪಟವನ್ನು ಗಮನಿಸಿ, ಅದು ಈ ಬಳಗದ ಚಾಳಿ. ಕೊಕ್ಕಿಗೆಟುಕದ ಎಲೆಯಡಿ ಹುಳ ಕಂಡರೆ ಒಂದು ಕ್ಷಣ ಗಾಳಿಯಲ್ಲೇ ನಿಂತು ಕಿತ್ತುಕೊಳ್ಳುತ್ತದೆ. ಬಾಲ ಮೈಯ ನೇರಕ್ಕೇ ಇರುತ್ತದೆ, ಮೇಲೆ ನಿಗುರುವುದಿಲ್ಲ. ಕೊಕ್ಕು ಸಣ್ಣದು, ನೇರ, ಸೂಜಿಯಂಥದ್ದಲ್ಲದಿದ್ದರೂ ತೆಳು. ಇಷ್ಟು ಹೊಂದಿದ ಮೇಲೆ ಮುಖದ ಕಡೆ ನೋಡಿ. ಉದ್ದನೆಯ ಹುಬ್ಬು ಕಂಡರೆ ಮುಕ್ಕಾಲು ಪಾಲು ಖಾತ್ರಿ. ರೆಕ್ಕೆಪಟ್ಟಿ ಕಂಡರೆ ಲಾಭ, ಕಾಣದಿದ್ದರೆ ನಷ್ಟವಿಲ್ಲ.

ಇನ್ನು ಇದರ ಜೊತೆ ಗೊಂದಲ ಹುಟ್ಟಿಸುವವು. ಎಲ್ಲವೂ ಇದೇ ಹೊಲಗಳಲ್ಲಿ, ಕೆಲವೊಮ್ಮೆ ಇದೇ ಗಿಡದಲ್ಲಿ ಇರುತ್ತವೆ.

ಹೆಚ್ಚು ಜನ ತಪ್ಪುವುದು ಸಿಂಪಿಗ ಹಕ್ಕಿಯ ಹತ್ತಿರ, ಅಂದರೆ ಟುವ್ವಿ. ಅದರ ಬೆನ್ನೂ ಹಸಿರು, ಹೊಟ್ಟೆಯೂ ಮಾಸಲು ಬಿಳಿ, ದನಿಯೂ ಜೋರು. ಆದರೆ ಟುವ್ವಿಯ ಬಾಲ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ, ನೆತ್ತಿ ಇಟ್ಟಿಗೆಗೆಂಪು, ಹುಬ್ಬು ಎದ್ದು ಕಾಣುವುದಿಲ್ಲ. ಟುವ್ವಿ ಟುವ್ವಿ ಟುವ್ವಿ ಎಂದು ಬಿಡುವಿಲ್ಲದೆ ಸರಮಾಲೆ ಕಟ್ಟುತ್ತದೆ, ಉಲಿಯಕ್ಕಿಯಂತೆ ಬಿಟ್ಟು ಬಿಟ್ಟು ಕೂಗುವುದಿಲ್ಲ. ಓಡಾಡುವುದು ಸಾಮಾನ್ಯವಾಗಿ ಕೆಳಗೆ: ದಾಸವಾಳದ ಗಿಡ, ನಿಂಬೆ, ಬದನೆ, ಅಂಗಳದ ಪೊದೆ. ಎಲೆಗಳ ಅಂಚು ಸೇರಿಸಿ ಹೊಲಿದು ಅದರೊಳಗೆ ಗೂಡು ಮಾಡುವ ಹಕ್ಕಿ ಇದೇ. ಹೊಲಿದ ಎಲೆ ಕಂಡರೆ ದಯವಿಟ್ಟು ಬಿಡಿಸಿ ನೋಡಬೇಡಿ, ಫೋಟೊಕ್ಕಾಗಿ ಕೊಂಬೆ ಬಗ್ಗಿಸಲೂಬೇಡಿ.

ಎರಡನೆಯದು ಮಧುರಕಂಠ, ಕಾಮನ್ ಐಯೋರಾ. ನನ್ನನ್ನು ಕೇಳಿದರೆ ವಿಜಯಪುರದ ಬೇವು-ಜಾಲಿಗಳ ನಿಜವಾದ ಒಡೆಯ ಇದು, ವರ್ಷವಿಡೀ ಇಲ್ಲೇ ಇರುವ ಹಕ್ಕಿ. ಹಸಿರು ಮೈಯ ಹೆಣ್ಣು ಎಲೆಗಳ ನಡುವೆ ಉಲಿಯಕ್ಕಿಯೆಂದೇ ತೋರುತ್ತದೆ, ರೆಕ್ಕೆಯಲ್ಲಿ ಬಿಳಿಪಟ್ಟಿಯೂ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಎಣಿಸಿ ನೋಡಿ: ಮಧುರಕಂಠಕ್ಕೆ ಎರಡು ಅಗಲ ಪಟ್ಟಿ. ಹೊಟ್ಟೆ ಹಳದಿ. ಹುಬ್ಬಿಲ್ಲ. ಕೊಕ್ಕು ಗಟ್ಟಿ. ಮೈಯೂ ಕೊಂಚ ದೊಡ್ಡದು, ಹನ್ನೆರಡು ಹದಿಮೂರು ಸೆಂಟಿಮೀಟರಿನಷ್ಟು. ಎಲ್ಲಕ್ಕಿಂತ ಮಿಗಿಲಾಗಿ ಇದಕ್ಕೆ ಅವಸರವಿಲ್ಲ. ಕೊಂಬೆಯುದ್ದಕ್ಕೂ ಒಂದೊಂದೇ ಎಲೆ ತಪಾಸಣೆ ಮಾಡುತ್ತ, ಬೇಕಾದರೆ ತಲೆಕೆಳಗಾಗಿ ಜೋತು, ನಿಧಾನಕ್ಕೆ ಮುಂದೆ ಹೋಗುತ್ತದೆ. ಉದ್ದಕ್ಕೆ ಎಳೆದು ಕೊನೆಗೆ ತಟ್ಟನೆ ಇಳಿಸುವ ಸಿಳ್ಳೆ ಅದರದು. ಮಳೆಗಾಲ ಹತ್ತಿರವಾದಂತೆ ಗಂಡಿನ ನೆತ್ತಿ ಮತ್ತು ಬೆನ್ನಿಗೆ ಕಪ್ಪು ಏರುತ್ತದೆ, ಗಂಟಲು ಎದೆ ಹಳದಿ ಹೊಳೆಯುತ್ತವೆ. ಆಗ ಅದರ ಆಟ ನೋಡಬೇಕು. ಗಿಡದ ತುದಿಯಿಂದ ಮೇಲಕ್ಕೆ ಹಾರಿ, ಸೊಂಟದ ಬಿಳಿ ಗರಿಗಳನ್ನೆಲ್ಲ ಉಬ್ಬಿಸಿ ದುಂಡಗಾಗಿ, ಸುತ್ತುತ್ತ ಸಿಳ್ಳೆ ಹಾಕುತ್ತ ಕೆಳಗಿಳಿಯುತ್ತದೆ. ಇದನ್ನು ನೋಡಿದವರು ಮುಂದೆಂದೂ ಇದನ್ನು ಉಲಿಯಕ್ಕಿ ಎನ್ನಲಾರರು.

ಬೆಳ್ಗಣ್ಣ ಸುಲಭ, ಕಣ್ಣಿನ ಸುತ್ತ ಬಳೆಯಂಥ ಬಿಳಿ ಉಂಗುರ, ಯಾವಾಗಲೂ ಗುಂಪು. ಉಲಿಯಕ್ಕಿ ಬೇರೆ ಜಾತಿಯ ಹಕ್ಕಿಗಳ ಗುಂಪಿನಲ್ಲಿ ಸೇರಿಕೊಳ್ಳಬಹುದು, ತನ್ನ ಜಾತಿಯ ಗುಂಪು ಕಟ್ಟುವುದಿಲ್ಲ. ಹೆಣ್ಣು ಸೂರಕ್ಕಿಯ ಕೊಕ್ಕು ಉದ್ದ ಮತ್ತು ಬಾಗು, ಅದೊಂದನ್ನು ನೋಡಿದರೆ ಮುಗಿಯಿತು. ಮಾವು ಬೇವುಗಳಿಗೆ ಬದನಿಕೆ ಹತ್ತಿದ್ದರೆ ಅದರ ಹಣ್ಣಿಗೆ ಬರುವ ಹೂಕುಟುಕ ಉಲಿಯಕ್ಕಿಗಿಂತಲೂ ಸಣ್ಣದು, ಎಂಟು ಸೆಂಟಿಮೀಟರ್ ಮಾತ್ರ. ಭಾರತದ ಅತಿ ಪುಟ್ಟ ಹಕ್ಕಿಗಳಲ್ಲಿ ಒಂದು. ಮೋಟು ಬಾಲ, ಚಿಕ್ ಚಿಕ್ ಎನ್ನುವ ಒರಟು ದನಿ, ಮುಖದಲ್ಲಿ ಗೆರೆ ಏನೂ ಇಲ್ಲ.

ಗಿಡ ಬದಲಾದರೆ ಹಕ್ಕಿಯೂ ಬದಲಾಗಬಹುದು ಎಂಬುದನ್ನು ನೆನಪಿಡಿ. ಹಳ್ಳದ ದಂಡೆಯ ಕರಿಜಾಲಿಯೊಳಗಿಂದ ಟೆಕ್ ಟೆಕ್ ಎಂದು ನಾಲಗೆ ಲೊಟಕಿಸಿದಂಥ ಸದ್ದು ಬಂದರೆ ಅಲ್ಲಿ ಹಸಿರನ್ನು ಹುಡುಕಬೇಡಿ. ಅದು ಲೆಸ್ಸರ್ ವೈಟ್‌ಥ್ರೋಟ್: ಬೂದು ತಲೆ, ಕೆನ್ನೆ ಇನ್ನೂ ಗಾಢ, ಗಂಟಲು ಬಿಳಿ, ಬೆನ್ನು ಮಣ್ಣುಗಂದು. ಇದೂ ಚಳಿಗೆ ಬಂದ ಅತಿಥಿಯೇ, ಮುಳ್ಳುಗಿಡದ ಮೋಹ ಇದಕ್ಕೆ ಹೆಚ್ಚು. ಕಲ್ಲುಬಂಡೆಗಳ ದಿಬ್ಬ, ಹಳೆಯ ಗೋಡೆ, ದಪ್ಪ ಕಾಂಡಗಳ ಮೇಲೆ ಇಲಿಯಂತೆ ಸರಸರ ಹತ್ತುವ ಉಲಿಯಕ್ಕಿ ಕಂಡರೆ, ಹೊಟ್ಟೆ ಮಂಕು ಹಳದಿಯಾಗಿದ್ದು ಹುಬ್ಬಿನಲ್ಲಿ ಕೇಸರಿ ಛಾಯೆ ಇದ್ದರೆ, ಅದು ಸಲ್ಫರ್-ಬೆಲ್ಲಿಡ್ ವಾರ್ಬ್ಲರ್. ಇದೂ ಎಲೆ ಉಲಿಯಕ್ಕಿಗಳ ಬಳಗದ್ದೇ, ಆದರೆ ಎಲೆಗಿಂತ ಕಲ್ಲು ಹೆಚ್ಚು ಇಷ್ಟ. ಗಿಡದ ನೆರಳಲ್ಲಿ ಕೆಳಗಿನ ಕೊಂಬೆಗೆ ಸುಮ್ಮನೆ ಕುಳಿತು, ಬಾಲವೆತ್ತಿ ಅದರ ಬುಡದ ಬಿಳಿ ಮಿಂಚಿಸಿ ಟ್ರ್‌ರ್‌ರ್ ಎಂದರೆ ಕೆಂಪುಗತ್ತಿನ ನೊಣಹಿಡುಕ. ಹೆಣ್ಣು ಮತ್ತು ಮರಿಗಳಲ್ಲಿ ಕತ್ತಿನ ಕೆಂಪು ಇರುವುದಿಲ್ಲ, ಬಾಲವೇ ಗುರುತು.

ಇವಿಷ್ಟನ್ನೂ ದಾಟಿ ಉಳಿಯುವ ಒಂದೆರಡು ಕಗ್ಗಂಟುಗಳಿವೆ. ರೆಕ್ಕೆಯಲ್ಲಿ ಎರಡು ಪಟ್ಟಿ ಇದ್ದು ಹಕ್ಕಿ ಇನ್ನೂ ಸಣ್ಣದೆನ್ನಿಸಿದರೆ ಅದು ಹ್ಯೂಮ್ಸ್ ವಾರ್ಬ್ಲರ್ ಇರಬಹುದು. ಮುಖ, ಗಂಟಲು ಹಳದಿಯಾಗಿದ್ದು ಕರೆ ಮಾತ್ರ ಹಸಿರು ಉಲಿಯಕ್ಕಿಯದೇ ಅನ್ನಿಸಿದರೆ ಕಾಕಸಸ್ ಬೆಟ್ಟಗಳ ಕಡೆಯಿಂದ ಬರುವ ಗ್ರೀನ್ ವಾರ್ಬ್ಲರ್. ನುರಿತವರೂ ಇವುಗಳ ಮುಂದೆ ತಡವರಿಸುತ್ತಾರೆ, ಶುರುವಿನಲ್ಲೇ ಇವುಗಳ ಹಿಂದೆ ಬೀಳುವುದು ಬೇಡ.

ಈ ಪುಟ್ಟ ಹಕ್ಕಿ ಜೀವವಿಜ್ಞಾನದಲ್ಲಿ ಎಷ್ಟು ಹೆಸರಾದದ್ದು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಟಿಬೆಟಿನ ಪ್ರಸ್ಥಭೂಮಿಯಲ್ಲಿ ಮರಗಳಿಲ್ಲ, ಹಾಗಾಗಿ ಹಸಿರು ಉಲಿಯಕ್ಕಿಗಳು ಅದರ ಸುತ್ತ ಬಳಸಿ ಹರಡಿವೆ. ಹಿಮಾಲಯದಲ್ಲಿ ಮೊದಲುಮಾಡಿ ಪಶ್ಚಿಮಕ್ಕೆ ಕಾಶ್ಮೀರ, ಮಧ್ಯ ಏಷ್ಯದ ಬೆಟ್ಟಗಳ ಮೂಲಕ ಉತ್ತರಕ್ಕೆ ಹೋದರೆ ಹಕ್ಕಿಯ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಪೂರ್ವಕ್ಕೆ ಚೀನಾದ ಮೂಲಕ ಹೋದರೂ ಹಾಗೆಯೇ, ಆದರೆ ಬೇರೆ ದಿಕ್ಕಿನಲ್ಲಿ. ಎರಡು ಸಾಲುಗಳೂ ಸೈಬೀರಿಯದಲ್ಲಿ ಮತ್ತೆ ಎದುರಾಗುತ್ತವೆ. ಅಷ್ಟು ಹೊತ್ತಿಗೆ ಒಂದರ ಹಾಡು ಇನ್ನೊಂದಕ್ಕೆ ತನ್ನವರದೆಂದು ಅನ್ನಿಸುವುದಿಲ್ಲ, ಒಂದೇ ಕಾಡಿನಲ್ಲಿದ್ದರೂ ಜೋಡಿಯಾಗುವುದಿಲ್ಲ. ಕ್ಲಾಡ್ ಟೈಸ್‌ಹರ್ಸ್ಟ್ 1938ರಲ್ಲಿ ಈ ವಿಚಿತ್ರವನ್ನು ಗುರುತಿಸಿದ್ದರು. ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು ಹಾಡುಗಳನ್ನು ಧ್ವನಿಮುದ್ರಿಸಿ, ವಂಶವಾಹಿಗಳನ್ನು ಹೋಲಿಸಿ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮೇಲೆ ಹೇಳಿದ ಟ್ರೆವರ್ ಪ್ರೈಸ್ ಕೂಡ ಆ ತಂಡದಲ್ಲಿದ್ದರು. ನೋಟಕ್ಕೆ ಈ ಎರಡು ಸೈಬೀರಿಯನ್ ಬಳಗಗಳ ನಡುವೆ ಇರುವ ವ್ಯತ್ಯಾಸ ಮುಖ್ಯವಾಗಿ ರೆಕ್ಕೆಪಟ್ಟಿಯದು. ತಮ್ಮವರನ್ನು ಗುರುತಿಸಲು ಅವೇ ಕಿವಿಯನ್ನು ನಂಬಿರುವಾಗ ನಾವು ರೆಕ್ಕೆಪಟ್ಟಿಗೆ ಜೋತುಬೀಳುವುದು ಯಾಕೆ? ದಖ್ಖನಿನ ಬೇವುಗಳಿಗೆ ಬರುವವು ಹೆಚ್ಚಾಗಿ ಪಶ್ಚಿಮದ ಸಾಲಿನವು.

ದ್ರಾಕ್ಷಿ ತೋಟದವರಿಗೆ ಒಂದು ಮಾತು. ಹಕ್ಕಿ ಎಂದರೆ ನೀವು ಸಿಡುಕುವುದರಲ್ಲಿ ತಪ್ಪೇನಿಲ್ಲ, ಗಿಳಿ, ಗೊರವಂಕ, ಪಿಕಳಾರಗಳು ಹಣ್ಣಾದ ಗೊನೆಗೆ ಮಾಡುವ ಹಾನಿ ನಿಜ. ಆದರೆ ತೋಟದ ಬದುವಿನ ಬೇವಿನಲ್ಲಿ ಚಿಸ್-ವೀ ಎನ್ನುವ ಈ ಹಕ್ಕಿಯ ಊಟ ಹುಳ, ಹೇನು, ಜೇಡ, ಸಣ್ಣ ಕಂಬಳಿಹುಳ. ದ್ರಾಕ್ಷಿಯ ಗೊನೆ ಅದರ ಕೊಕ್ಕಿಗೆ ಬೇಕಾದ ವಸ್ತುವಲ್ಲ. ಪಿಕಳಾರಕ್ಕೆ ಹಾಕುವ ಬೈಗುಳ ಇದಕ್ಕೆ ತಾಗದಿರಲಿ.

ನೋಡುವುದಕ್ಕೆ ಹೊತ್ತು ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು. ಚಳಿಗೆ ಮುದುಡಿದ ಹುಳಗಳು ಬಿಸಿಲು ತಾಗಿದ ಕಡೆ ಮೊದಲು ಓಡಾಡುತ್ತವೆ, ಹಕ್ಕಿಯೂ ಅಲ್ಲಿಗೇ ಬರುತ್ತದೆ. ಆದ್ದರಿಂದ ಗಿಡದ ಪೂರ್ವದ ಮಗ್ಗುಲಿಗೆ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಗಿಡದ ಬುಡಕ್ಕೆ ಹೋಗಬೇಡಿ. ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಕತ್ತು ನೋಯುವುದಿಲ್ಲ, ಹಕ್ಕಿಯ ಹೊಟ್ಟೆಯ ಬದಲು ಮಗ್ಗುಲೂ ಕಾಣುತ್ತದೆ. ದುರ್ಬೀನು ಕೊಳ್ಳುವುದಾದರೆ 8x42 ಅಥವಾ 8x32 ಎಂದು ಕೇಳಿ ಕೊಳ್ಳಿ. ಹತ್ತು ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವವು ಕೈ ನಡುಗಿದರೆ ಎಲೆಯನ್ನೂ ನಡುಗಿಸುತ್ತವೆ, ಅವುಗಳ ಕಿರಿದಾದ ನೋಟದಲ್ಲಿ ಜಿಗಿಯುವ ಹಕ್ಕಿಯನ್ನು ಹಿಡಿಯುವುದೂ ಕಷ್ಟ. ಹಕ್ಕಿಯನ್ನು ಬರಿಗಣ್ಣಿನಲ್ಲಿ ಕಂಡು, ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ತರುವುದನ್ನು ಮನೆಯ ಅಂಗಳದಲ್ಲೇ ಗುಬ್ಬಿ ಕಾಗೆಗಳ ಮೇಲೆ ರೂಢಿ ಮಾಡಿಕೊಳ್ಳಿ.

ಬದುವಿನ ಮೇಲೆ ದುರ್ಬೀನು ಹಿಡಿದು ನಿಂತರೆ ಯಾರಾದರೂ ಬಂದೇ ಬರುತ್ತಾರೆ. ಏನ್ ನೋಡಾಕತ್ತೀರಿ, ಸರ್ವೇಕ್ಕ ಬಂದೀರೇನು ಎಂಬ ಪ್ರಶ್ನೆ ಖಂಡಿತ. ಹೊಲ ಅವರದು, ಅನುಮಾನವೂ ಸಹಜ. ಹಕ್ಕಿ ನೋಡಾಕತ್ತೀನ್ರಿ ಕಾಕಾ, ತಗೋರಿ ನೀವೂ ನೋಡ್ರಿ ಎಂದು ದುರ್ಬೀನನ್ನು ಕೈಗೆ ಕೊಟ್ಟುಬಿಡಿ. ಮುಂದಿನ ಸಲ ಯಾವ ಗಿಡದಲ್ಲಿ ಯಾವ ಹಕ್ಕಿ ಕೂಗುತ್ತದೆಂದು ಅವರೇ ಹೇಳುತ್ತಾರೆ. ಹಿಂಗಾರಿ ಪೈರಿನೊಳಗೆ ಮಾತ್ರ ಕೇಳದೆ ಕಾಲಿಡಬಾರದು.

ಮೊಬೈಲಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಹಾಕಿಕೊಂಡರೆ ಕರೆ ಕೇಳಿಸಿ ಹೆಸರು ಕೇಳಬಹುದು. ಭಾರತದ ಹಕ್ಕಿಗಳ ಕಟ್ಟನ್ನು ಮನೆಯಲ್ಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಅದು ಕೆಲಸ ಮಾಡುತ್ತದೆ. ಅದು ಹೇಳಿದ್ದನ್ನು ಸುಳಿವೆಂದು ತಿಳಿದು ಹಕ್ಕಿಯನ್ನು ಕಣ್ಣಾರೆ ನೋಡಿದ ಮೇಲೆ ಬರೆದುಕೊಳ್ಳಿ. ಆ್ಯಪ್‌ನಲ್ಲಿರುವ ಕರೆಯನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರಕ್ಕೆ ಸೆಳೆಯುವ ಚಟವಿದೆ, ಅದನ್ನು ಬಿಡಿ. ಇಲ್ಲದ ಎದುರಾಳಿಯನ್ನು ಓಡಿಸಲು ಹುಳ ಹಿಡಿಯುವ ಹೊತ್ತನ್ನೆಲ್ಲ ಹಕ್ಕಿ ಕಳೆದುಕೊಳ್ಳುತ್ತದೆ. ಕನ್ನಡದಲ್ಲಿ ಓದಲು ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳಿವೆ. ಮಿಂಚುಳ್ಳಿ, ಹೆಜ್ಜೆ ಮೂಡದ ಹಾದಿ ಎರಡೂ ಚೀಲದಲ್ಲಿರಲಿ.

ಒಂದು ಗಿಡ ಸಾಕಾದ ಮೇಲೆ ಬೇರೆ ಕಡೆಯೂ ಹೋಗಬಹುದು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದ ಕೆರೆಗಳಿವೆ, ಪಕ್ಕದಲ್ಲಿ ಅರಣ್ಯ ಪ್ರದೇಶವಿದೆ. ವಿಜಯಪುರ ನಗರದವರಿಗೆ ಭೂತನಾಳ ಕೆರೆಯ ಸುತ್ತಲ ಗಿಡಗಳು ಹತ್ತಿರ. ಅಷ್ಟು ದೂರವೂ ಹೋಗಲಾಗದವರಿಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ ಆವರಣದ ಗಿಡಗಳ ಕೆಳಗೊಂದು ಬೆಳಗು ಸಾಕು. ಪ್ರವಾಸಿಗರೆಲ್ಲ ಗುಮ್ಮಟದ ಕಡೆ ಮುಖ ಮಾಡಿರುತ್ತಾರೆ, ಗಿಡದ ಕೆಳಗೆ ನಿಮಗೆ ಯಾರ ಅಡ್ಡಿಯೂ ಇರುವುದಿಲ್ಲ.

ಬರೆದುಕೊಳ್ಳುವಾಗ ಹೆಸರಿಗಿಂತ ಮೊದಲು ಗಿಡ ಯಾವುದು, ಎಷ್ಟು ಎತ್ತರದಲ್ಲಿತ್ತು, ಹೇಗೆ ಕೂಗಿತು, ಬಾಲ ಹೇಗಿತ್ತು ಎಂದು ಬರೆಯಿರಿ. ಹೆಸರು ಸಂಜೆಗೂ ಸಿಗುತ್ತದೆ, ಈ ವಿವರಗಳು ಸಂಜೆಗೆ ಮರೆತುಹೋಗಿರುತ್ತವೆ. ಪ್ರತಿವರ್ಷ ಫೆಬ್ರುವರಿ ನಡುವೆ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತ 2013ರಿಂದ ಅದರಲ್ಲಿದೆ. ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಕೇಳಿದ ಹಕ್ಕಿಗಳನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಏರಿಸಿದರೆ ಅದೂ ಒಂದು ಪಟ್ಟಿಯೇ. ಆ ದಿನಗಳಲ್ಲಿ ಹಸಿರು ಉಲಿಯಕ್ಕಿ ಖಂಡಿತ ನಮ್ಮಲ್ಲಿರುತ್ತದೆ. ಕರೆ ಕೇಳದೆ, ಹುಬ್ಬು ಕಾಣದೆ ಹಕ್ಕಿ ಹಾರಿಹೋದರೆ ಅಂದಾಜಿನ ಮೇಲೆ ಹೆಸರು ತುಂಬುವುದು ಬೇಡ. ಜಾತಿ ನಿರ್ದಿಷ್ಟವಾಗಿ ತಿಳಿಯದ ಎಲೆ ಉಲಿಯಕ್ಕಿ ಎಂದು ದಾಖಲಿಸಲು ಇ-ಬರ್ಡ್‌ನಲ್ಲೇ ಒಂದು ಸಾಲು ಬೇರೆ ಇದೆ.